ಬಾಹ್ಯ ರೋಲ್ ಕೇಜ್

ಬಾಹ್ಯ ರೋಲ್ ಕೇಜ್ ಎಂಬುದು ವಾಹನವು ಉರುಳಿಬಿದ್ದಾಗ ಅದರ ಚಾವಣಿ ಕುಸಿದು ಒಳಗಿರುವವರ ಮೇಲೆ ಬೀಳದಂತೆ ತಡೆಯಲು, ವಾಹನದ ಮೈಯ ಹೊರಭಾಗದಲ್ಲಿ ಕಟ್ಟಲಾಗುವ ಉಕ್ಕಿನ ಕೊಳವೆಗಳ ಚೌಕಟ್ಟು. ಇದನ್ನು ‘ಎಕ್ಸೋ ಕೇಜ್’ ಎಂದೂ ಕರೆಯುತ್ತಾರೆ. ಕಲ್ಲುಬಂಡೆ, ಕೊರಕಲು, ಕೆಸರು ಮತ್ತು ಕಡಿದಾದ ಇಳಿಜಾರುಗಳಲ್ಲಿ ಓಡಿಸುವ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಇದರ ಬಳಕೆ ಹೆಚ್ಚು. ಸುಜುಕಿಯ ಸಣ್ಣ ಜೀಪುಗಳು, ಲ್ಯಾಂಡ್ ರೋವರ್ ಡಿಫೆಂಡರ್, ಜೀಪ್ ಚೆರೋಕೀ ಮೊದಲಾದ ವಾಹನಗಳ ಮಾಲೀಕರು ಇಂತಹ ಕೇಜ್‌ಗಳನ್ನು ಸಿದ್ಧರೂಪದಲ್ಲಿ ಕೊಂಡು ಅಳವಡಿಸುವುದುಂಟು. ತಮ್ಮದೇ ಕಾರ್ಯಾಗಾರದಲ್ಲಿ ಕೊಳವೆ ಬಾಗಿಸಿ ಬೆಸುಗೆ ಹಾಕಿ ಕಟ್ಟಿಕೊಳ್ಳುವುದೂ ಉಂಟು.

ನೋಡಲು ಸರಳವಾಗಿರುವ ಈ ಚೌಕಟ್ಟಿನ ಸಾಮರ್ಥ್ಯವು ಕೊಳವೆಯ ದಪ್ಪಕ್ಕಿಂತ ಹೆಚ್ಚಾಗಿ ಅದು ಎಲ್ಲಿ ಕಾಲೂರಿದೆ ಎಂಬುದನ್ನು ಅವಲಂಬಿಸಿದೆ. ಚಾಸಿಸ್‌ಗೆ ಭದ್ರವಾಗಿ ಜೋಡಿಸದ, ತೆಳುತಗಡಿನ ಮೈಯ ಮೇಲೆ ಮಾತ್ರ ನಿಂತ ಕೇಜ್, ಉರುಳುವ ವಾಹನದ ತೂಕ ಬಿದ್ದ ಕೂಡಲೇ ತಗಡನ್ನು ತೂರಿಕೊಂಡು ಕೆಳಗಿಳಿಯಬಹುದು. ಆದ್ದರಿಂದ ತಪ್ಪಾಗಿ ಕಟ್ಟಿದ ಕೇಜ್ ಸುರಕ್ಷತೆಯ ಭ್ರಮೆಯನ್ನು ಮಾತ್ರ ಕೊಡುತ್ತದೆ ಎಂಬುದು ಈ ವಿಷಯದಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಹಿನ್ನೆಲೆ

ಉರುಳುವಿಕೆಯಿಂದ ಚಾಲಕನನ್ನು ಕಾಪಾಡುವ ಚೌಕಟ್ಟಿನ ಕಲ್ಪನೆಯು ಮೋಟಾರು ಕ್ರೀಡೆಯಲ್ಲಿ ಬೆಳೆದಂತೆಯೇ ಕೃಷಿ ಕ್ಷೇತ್ರದಲ್ಲಿಯೂ ಬೆಳೆಯಿತು. ಟ್ರ್ಯಾಕ್ಟರ್ ಮಗುಚಿ ರೈತರು ಸಾಯುವುದನ್ನು ತಡೆಯಲು ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರ್‌ಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ 1976ರ ಅಕ್ಟೋಬರ್ 25ರ ನಂತರ ತಯಾರಾದ, ಕೂಲಿ ನೌಕರರು ಓಡಿಸುವ ಕೃಷಿ ಟ್ರ್ಯಾಕ್ಟರ್‌ಗಳಿಗೆ ಇದೇ ಬಗೆಯ ನಿಯಮ ಜಾರಿಗೆ ಬಂದಿತು.

ಕಾರುಗಳ ವಿಷಯದಲ್ಲಿ ಅಮೆರಿಕದ ಚಾವಣಿ ಬಲ ನಿಯಮವು (ಫೆಡರಲ್ ಸುರಕ್ಷತಾ ಮಾನಕ ಸಂಖ್ಯೆ 216) 1973ರಲ್ಲಿ ಜಾರಿಯಾಯಿತು. ಚಾವಣಿಯ ಮುಂಭಾಗದ ಒಂದು ಮೂಲೆಯನ್ನು ಭಾರವಾದ ಫಲಕದಿಂದ ಒತ್ತಿದಾಗ ಅದು ವಾಹನದ ಖಾಲಿ ತೂಕದ ಒಂದೂವರೆ ಪಟ್ಟು ಬಲವನ್ನು ತಡೆದುಕೊಳ್ಳಬೇಕು ಎಂಬುದು ಆ ನಿಯಮದ ತಿರುಳು. 2009ರ ತಿದ್ದುಪಡಿಯಲ್ಲಿ, ಒಟ್ಟು ತೂಕ 2722 ಕಿ.ಗ್ರಾಂ ಮೀರದ ವಾಹನಗಳಿಗೆ ಈ ಮಿತಿಯನ್ನು ಮೂರು ಪಟ್ಟಿಗೆ ಏರಿಸಲಾಯಿತು. ಎರಡೂ ಬದಿಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುವುದನ್ನೂ ಸೇರಿಸಲಾಯಿತು. ಮಡಚುವ ಚಾವಣಿಯ ಕಾರುಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.

ಜೀಪಿನ ಪರಂಪರೆಯ ವಾಹನಗಳು ಮೂಲತಃ ತೆರೆದ ಮೈಯವು. ಎರಡನೆಯ ಮಹಾಯುದ್ಧದ ವಿಲಿಸ್ ಜೀಪಿನಲ್ಲಿ ಕ್ಯಾನ್ವಾಸ್ ಹೊದಿಕೆಯ ಹೊರತು ತಲೆಯ ಮೇಲೆ ಬೇರೆ ರಕ್ಷಣೆ ಇರಲಿಲ್ಲ. ಯುದ್ಧದ ನಂತರ ಇಂತಹ ವಾಹನಗಳು ಹವ್ಯಾಸಕ್ಕೂ ಸಾಹಸ ಯಾತ್ರೆಗಳಿಗೂ ಬಳಕೆಯಾದಂತೆ ರಕ್ಷಣಾ ಚೌಕಟ್ಟಿನ ಅಗತ್ಯ ಕಂಡುಬಂದಿತು. 1980ರಿಂದ 2000ದವರೆಗೆ ನಡೆದ ಕ್ಯಾಮೆಲ್ ಟ್ರೋಫಿ ಸಾಹಸ ಸ್ಪರ್ಧೆಯ ಹಳದಿ ಬಣ್ಣದ ಲ್ಯಾಂಡ್ ರೋವರ್‌ಗಳು ಕೇಜ್ ಕಟ್ಟಿದ ವಾಹನದ ರೂಪವನ್ನು ಜಗತ್ತಿನಾದ್ಯಂತ ಪರಿಚಯಿಸಿದವು.

ಒಳ ಕೇಜ್ ಮತ್ತು ಹೊರ ಕೇಜ್

ರ‍್ಯಾಲಿ ಮತ್ತು ರೇಸಿಂಗ್ ಕಾರುಗಳಲ್ಲಿ ಕೇಜ್ ಸಾಮಾನ್ಯವಾಗಿ ವಾಹನದ ಒಳಗಿರುತ್ತದೆ. ಅಲ್ಲಿ ಚಾಲಕನು ಹೆಲ್ಮೆಟ್ ಧರಿಸಿ, ಹಲವು ಪಟ್ಟಿಗಳ ಸೀಟ್ ಬೆಲ್ಟ್‌ನಿಂದ ಆಸನಕ್ಕೆ ಬಿಗಿದುಕೊಂಡಿರುತ್ತಾನೆ. ದಿನನಿತ್ಯ ರಸ್ತೆಯಲ್ಲಿ ಓಡುವ ವಾಹನದಲ್ಲಿ ಇದೇ ಒಳ ಕೇಜ್ ಅಪಾಯಕಾರಿ. ಸಣ್ಣ ಅಪಘಾತದಲ್ಲಿಯೂ ಹೆಲ್ಮೆಟ್ ಇಲ್ಲದ ತಲೆ ಹತ್ತಿರದ ಉಕ್ಕಿನ ಕೊಳವೆಗೆ ಅಪ್ಪಳಿಸಬಹುದು. ಬಾಹ್ಯ ಕೇಜ್‌ನಲ್ಲಿ ಕೊಳವೆಗಳು ತಲೆಯಿಂದ ದೂರವಿರುವುದರಿಂದ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಹೊರ ಕೇಜ್‌ನ ಇತರ ಅನುಕೂಲಗಳು ಇಂತಿವೆ:

• ವಾಹನದ ಒಳಗಿನ ಜಾಗ ಕಡಿಮೆಯಾಗುವುದಿಲ್ಲ.
• ಮರದ ಕಾಂಡ, ಬಂಡೆ, ದಿಬ್ಬದ ಗೋಡೆಗಳು ಮೊದಲು ಕೊಳವೆಗೆ ತಾಗುವುದರಿಂದ ಮೈಯ ತಗಡು, ಬಾಗಿಲು ಮತ್ತು ಗಾಜುಗಳು ಉಳಿಯುತ್ತವೆ.
• ಬೆಸುಗೆ ಹಾಕುವವರಿಗೆ ಕೊಳವೆಯ ಸುತ್ತಲೂ ಕೈ ಮತ್ತು ಕಣ್ಣು ಹಾಯುತ್ತದೆ. ಒಳ ಕೇಜ್‌ನಲ್ಲಿ ಚಾವಣಿಗೆ ತಾಗಿದಂತಿರುವ ಸಂಧಿಗಳ ಮೇಲ್ಭಾಗಕ್ಕೆ ಬೆಸುಗೆ ತಲುಪಿಸುವುದು ಕಷ್ಟ.

ಅನನುಕೂಲಗಳೂ ಇವೆ. ವಾಹನದ ಅಗಲ, ಎತ್ತರ ಮತ್ತು ತೂಕ ಹೆಚ್ಚುತ್ತವೆ. ಮುಂಗಾಜಿನ ಬದಿಯ ಕೊಳವೆಗಳು ಚಾಲಕನ ನೋಟಕ್ಕೆ ಅಡ್ಡಬರುತ್ತವೆ. ಗಾಳಿಯ ಸದ್ದು ಮತ್ತು ಇಂಧನ ಬಳಕೆ ಏರುತ್ತವೆ. ಮಳೆ, ಕೆಸರುಗಳಿಗೆ ಸದಾ ಒಡ್ಡಿಕೊಂಡಿರುವುದರಿಂದ ತುಕ್ಕು ಬೇಗ ಹಿಡಿಯುತ್ತದೆ. ರಸ್ತೆಯಲ್ಲಿ ಪಾದಚಾರಿಗೆ ಅಥವಾ ದ್ವಿಚಕ್ರ ಸವಾರನಿಗೆ ತಗುಲಿದರೆ, ಬಗ್ಗುವ ತಗಡಿಗೆ ಬದಲಾಗಿ ಬಗ್ಗದ ಉಕ್ಕು ಅವರಿಗೆ ಹೊಡೆಯುತ್ತದೆ.

ಉರುಳುವಿಕೆಯಲ್ಲಿ ಬಲದ ಹಾದಿ

ದುರ್ಗಮ ಹಾದಿಯಲ್ಲಿ ಸಂಭವಿಸುವ ಹೆಚ್ಚಿನ ಉರುಳುವಿಕೆಗಳು ಕಡಿಮೆ ವೇಗದವು. ಒಂದು ಬದಿಯ ಚಕ್ರ ಬಂಡೆಯೇರಿ, ಇನ್ನೊಂದು ಬದಿ ಕೊರಕಲಿಗೆ ಇಳಿದು, ವಾಹನ ಪಕ್ಕಕ್ಕೆ ಮಗುಚುತ್ತದೆ. ಆಗ ಚಾವಣಿಯು ಸಮತಟ್ಟಾಗಿ ನೆಲಕ್ಕೆ ಕೂರುವುದು ಅಪರೂಪ; ಮೊದಲ ಹೊಡೆತವು ಮುಂಗಾಜಿನ ಮೇಲ್ಭಾಗದ ಒಂದು ಮೂಲೆಗೋ ಹಿಂಬದಿಯ ಒಂದು ಮೂಲೆಗೋ ಬೀಳುತ್ತದೆ. ಇಡೀ ವಾಹನದ ತೂಕ ಆ ಒಂದೇ ಮೂಲೆಯ ಮೇಲೆ ನಿಲ್ಲಬಹುದು. ಬೀಳುವ ರಭಸದಿಂದ ಬಲವು ಆ ತೂಕವನ್ನೂ ಮೀರುತ್ತದೆ. ಅದರ ದಿಕ್ಕು ನೇರ ಕೆಳಮುಖವಾಗಿರದೆ ಓರೆಯಾಗಿರುತ್ತದೆ.

ಹೀಗಾಗಿ ಕೇಜ್‌ನ ವಿನ್ಯಾಸದಲ್ಲಿ ಎರಡು ಪ್ರಶ್ನೆಗಳು ಮುಖ್ಯ. ಓರೆಯಾದ ಬಲಕ್ಕೆ ಚೌಕಟ್ಟು ಆಕಾರಗೆಡದೆ ನಿಲ್ಲುತ್ತದೆಯೇ? ಆ ಬಲವು ಒಂದು ಕೊಳವೆಯಿಂದ ಇನ್ನೊಂದಕ್ಕೆ ಹರಿದು, ಕೊನೆಗೆ ವಾಹನದ ಅತ್ಯಂತ ಗಟ್ಟಿಯಾದ ಭಾಗವಾದ ಚಾಸಿಸ್ ತಲುಪುತ್ತದೆಯೇ?

ಮೊದಲ ಪ್ರಶ್ನೆಗೆ ಉತ್ತರ ತ್ರಿಕೋನ. ನಾಲ್ಕು ಕೊಳವೆಗಳನ್ನು ಆಯತಾಕಾರದಲ್ಲಿ ಜೋಡಿಸಿ ಒಂದು ಮೂಲೆಯನ್ನು ತಳ್ಳಿದರೆ ಆಯತವು ಓರೆ ಚತುರ್ಭುಜವಾಗಿ ವಾಲುತ್ತದೆ. ಅದನ್ನು ತಡೆಯುವ ಹೊಣೆಯೆಲ್ಲ ಮೂಲೆಯ ಬೆಸುಗೆಗಳ ಮೇಲೆ ಬೀಳುತ್ತದೆ. ಅದೇ ಆಯತಕ್ಕೆ ಒಂದು ಕರ್ಣ ಕೊಳವೆಯನ್ನು ಸೇರಿಸಿದರೆ ಎರಡು ತ್ರಿಕೋನಗಳಾಗುತ್ತವೆ. ಬದಿಯ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ಹಳೆಯ ಮನೆಗಳ ಮಾಡಿನ ತೊಲೆಕಟ್ಟಿನಲ್ಲಿಯೂ ರೈಲು ಸೇತುವೆಗಳಲ್ಲಿಯೂ ಕಾಣುವ ತತ್ತ್ವ ಇದೇ. ಎರಡನೆಯ ಪ್ರಶ್ನೆಗೆ ಉತ್ತರವು ಕೇಜ್‌ನ ಕಾಲುಗಳ ಜೋಡಣೆಯಲ್ಲಿದೆ.

ಮುಖ್ಯ ಭಾಗಗಳು

• ಮುಖ್ಯ ಕಮಾನು: ಮುಂದಿನ ಆಸನಗಳ ಹಿಂಬದಿಯಲ್ಲಿ, ವಾಹನದ ಒಂದು ಬದಿಯಿಂದ ಚಾವಣಿಯ ಮೇಲೆ ಹಾದು ಇನ್ನೊಂದು ಬದಿಗೆ ಇಳಿಯುವ ಕೊಳವೆ. ಇದನ್ನು ನಡುವೆ ಸಂಧಿಯಿಲ್ಲದೆ ಒಂದೇ ಕೊಳವೆಯಿಂದ ಬಾಗಿಸುವುದು ರೂಢಿ.
• ಮುಂಗಾಜಿನ ಕೊಳವೆಗಳು: ಚಾವಣಿಯ ಮುಂತುದಿಯಿಂದ ಮುಂಗಾಜಿನ ಕಂಬಗಳ ಪಕ್ಕದಲ್ಲಿ ಇಳಿದು ಚಾಸಿಸ್ ತಲುಪುವ ಕೊಳವೆಗಳು. ಉರುಳುವಿಕೆಯಲ್ಲಿ ಹೆಚ್ಚು ಪೆಟ್ಟು ತಿನ್ನುವ ಭಾಗ ಇದು.
• ಚಾವಣಿಯ ಉದ್ದ ಕೊಳವೆಗಳು ಮತ್ತು ಅಡ್ಡ ಕೊಳವೆಗಳು: ಮುಂದಿನ ಮತ್ತು ಹಿಂದಿನ ಕಮಾನುಗಳನ್ನು ಬೆಸೆಯುವಂಥವು.
• ಕರ್ಣಗಳು: ಚಾವಣಿಯ ಮೇಲೆ ಮತ್ತು ಹಿಂಭಾಗದಲ್ಲಿ ತ್ರಿಕೋನ ರಚಿಸುವ ಕೊಳವೆಗಳು.
• ಹಿಂಬದಿಯ ಊರೆಗಳು: ಮುಖ್ಯ ಕಮಾನು ಹಿಂದಕ್ಕೆ ಬೀಳದಂತೆ ಓರೆಯಾಗಿ ಆಧರಿಸುವ ಕೊಳವೆಗಳು. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟವಾದ ಎಫ್‌ಐಎ ನಿಯಮದಂತೆ ಇವು ಲಂಬರೇಖೆಗೆ ಕನಿಷ್ಠ 30 ಡಿಗ್ರಿ ಕೋನದಲ್ಲಿರಬೇಕು ಮತ್ತು ನೇರವಾಗಿರಬೇಕು.
• ಬದಿಯ ದಿಂಡುಗಳು: ಬಾಗಿಲುಗಳ ಕೆಳಗೆ ಚಾಸಿಸ್‌ನಿಂದ ಹೊರಚಾಚಿದ ಗಟ್ಟಿ ಕೊಳವೆಗಳು. ‘ರಾಕ್ ಸ್ಲೈಡರ್’ ಎಂಬ ಹೆಸರಿನಲ್ಲಿ ಇವು ಪರಿಚಿತ. ಅನೇಕ ಬಾಹ್ಯ ಕೇಜ್‌ಗಳ ಕಾಲುಗಳು ಇವುಗಳ ಮೇಲೆಯೇ ನಿಲ್ಲುತ್ತವೆ.
• ಗಸೆಟ್‌ಗಳು: ಸಂಧಿಗಳ ಒಳಕೋನದಲ್ಲಿ ಬೆಸೆಯುವ ಸಣ್ಣ ತ್ರಿಕೋನ ಫಲಕಗಳು.

ಕೊಳವೆಯ ಆಯ್ಕೆ

ಎಫ್‌ಐಎ ಪ್ರಕಟಿಸುವ ‘ಜೆ’ ಅನುಬಂಧದ 253ನೆಯ ವಿಧಿಯು ಸ್ಪರ್ಧಾ ಕಾರುಗಳ ಕೇಜ್‌ಗೆ ಬೇಕಾದ ಕನಿಷ್ಠ ಮಟ್ಟವನ್ನು ನಿಗದಿಪಡಿಸುತ್ತದೆ. ಅದರಂತೆ ಕೊಳವೆಯು ತಣ್ಣಗೆ ಎಳೆದು ತಯಾರಿಸಿದ, ಉದ್ದದ ಬೆಸುಗೆಯಿಲ್ಲದ ಇಂಗಾಲದ ಉಕ್ಕಿನದಾಗಿರಬೇಕು. ಅದರ ಎಳೆತ ಬಲ ಕನಿಷ್ಠ 350 ಮೆಗಾಪ್ಯಾಸ್ಕಲ್ ಇರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ಗೋಡೆದಪ್ಪ, ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ ಇರಬೇಕು. ಉಳಿದ ಭಾಗಗಳಿಗೆ 38 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಅಥವಾ 40 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ ಸಾಕು. ಈ ನಿಯಮಗಳು ಸ್ಪರ್ಧೆಯ ಕಾರುಗಳಿಗಾಗಿ ರಚಿತವಾದರೂ, ಮನೆಯಲ್ಲಿ ಕೇಜ್ ಕಟ್ಟುವವರಿಗೂ ಅವು ಒಂದು ನಂಬಲರ್ಹ ಅಳತೆಗೋಲು.

ಘನ ಸಲಾಕೆಯ ಬದಲಿಗೆ ಟೊಳ್ಳಾದ ಕೊಳವೆಯನ್ನೇ ಬಳಸುವುದೇಕೆಂಬುದು ಲೆಕ್ಕದಿಂದ ತಿಳಿಯುತ್ತದೆ. 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 2.6 ಕಿ.ಗ್ರಾಂ ತೂಗುತ್ತದೆ. ಅಷ್ಟೇ ತೂಕದ ಘನ ಉಕ್ಕಿನ ಸಲಾಕೆಯ ವ್ಯಾಸ ಸುಮಾರು 20.6 ಮಿ.ಮೀ. ಮಾತ್ರ. ಬಾಗುವಿಕೆಗೆ ಕೊಳವೆ ಒಡ್ಡುವ ಬಿಗುವು ಆ ಸಲಾಕೆಯ ಬಿಗುವಿನ ಎಂಟೂವರೆ ಪಟ್ಟಿನಷ್ಟು. ಲೋಹವು ನಡುವಿನಿಂದ ದೂರ ಸರಿದಷ್ಟೂ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆ ಎಂಬುದೇ ಇದಕ್ಕೆ ಕಾರಣ. ಇದೇ ಕಾರಣದಿಂದ, 2.5 ಮಿ.ಮೀ. ದಪ್ಪವನ್ನು ಹಾಗೆಯೇ ಉಳಿಸಿಕೊಂಡು ವ್ಯಾಸವನ್ನು 38ರಿಂದ 45 ಮಿ.ಮೀ.ಗೆ ಏರಿಸಿದರೆ ತೂಕ ಸುಮಾರು ಶೇ 20ರಷ್ಟು ಹೆಚ್ಚುತ್ತದೆ, ಬಿಗುವು ಮಾತ್ರ ಸುಮಾರು ಶೇ 70ರಷ್ಟು ಹೆಚ್ಚುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಕೊಳವೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು, ತಗಡನ್ನು ಸುತ್ತಿ ಉದ್ದಕ್ಕೂ ವಿದ್ಯುತ್ ಬೆಸುಗೆ ಹಾಕಿದ ಇಆರ್‌ಡಬ್ಲ್ಯು ಕೊಳವೆ, ಇದು ಅಗ್ಗ. ಎರಡನೆಯದು, ಹಾಗೆ ಬೆಸೆದ ಕೊಳವೆಯನ್ನು ಒಳಗಚ್ಚಿನ ಮೇಲೆ ತಣ್ಣಗೆ ಎಳೆದು ಅಳತೆಯನ್ನೂ ಬಲವನ್ನೂ ಉತ್ತಮಪಡಿಸಿದ ಡಿಒಎಂ ಕೊಳವೆ. ಉತ್ತರ ಅಮೆರಿಕದ ಹವ್ಯಾಸಿಗಳು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಮೂರನೆಯದು, ಉದ್ದದ ಬೆಸುಗೆಯೇ ಇಲ್ಲದ ಸೀಮ್‌ಲೆಸ್ ಕೊಳವೆ. ಇವುಗಳಲ್ಲದೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ 4130 ಉಕ್ಕಿನ ಕೊಳವೆಯೂ ಉಂಟು. ಅದು ಹೆಚ್ಚು ಬಲಶಾಲಿಯಾದರೂ ಬೆಸುಗೆಯ ಬಿಸಿಯಿಂದ ಸಂಧಿಯ ಸುತ್ತಲಿನ ಲೋಹ ಪೆಡಸಾಗುವ ಸಂಭವವಿರುವುದರಿಂದ ನುರಿತ ಕೈಗಳಿಗಷ್ಟೇ ತಕ್ಕದ್ದು. ಸಾಧಾರಣ ಮೃದು ಉಕ್ಕು ಮುರಿಯುವ ಮೊದಲು ಸಾಕಷ್ಟು ಬಾಗುವುದರಿಂದ ಮನೆಯಲ್ಲಿ ಕಟ್ಟುವ ಕೇಜ್‌ಗೆ ಅದೇ ಹೆಚ್ಚು ಸೂಕ್ತವೆಂದು ಪರಿಗಣಿಸಲಾಗುತ್ತದೆ.

ನೀರು ಸರಬರಾಜಿನ ಜಿಐ ಪೈಪನ್ನು ಕೇಜ್‌ಗೆ ಬಳಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ನೀರನ್ನು ಸಾಗಿಸುವ ಪೈಪಿನ ಗುಣಮಟ್ಟವನ್ನು ಸೋರಿಕೆ ಮತ್ತು ಒತ್ತಡದ ದೃಷ್ಟಿಯಿಂದ ನಿರ್ಧರಿಸಲಾಗಿರುತ್ತದೆಯೇ ಹೊರತು ಹೊಡೆತ ತಾಳುವ ದೃಷ್ಟಿಯಿಂದಲ್ಲ. ಭಾರತೀಯ ಮಾನಕಗಳಲ್ಲಿ ಇಂತಹ ಪೈಪುಗಳಿಗೆ ಐಎಸ್ 1239, ವಾಹನಗಳಲ್ಲಿ ಬಳಸುವ ಉಕ್ಕಿನ ಕೊಳವೆಗಳಿಗೆ ಐಎಸ್ 3074 ಎಂಬ ಬೇರೆ ಬೇರೆ ಮಾನಕಗಳಿರುವುದು ಈ ವ್ಯತ್ಯಾಸವನ್ನು ಸೂಚಿಸುತ್ತದೆ. ಅಳತೆಯಲ್ಲಿಯೂ ಗೊಂದಲವಾಗುವುದುಂಟು. ಪೈಪನ್ನು ಅದರ ನಾಮಮಾತ್ರ ಒಳವ್ಯಾಸದಿಂದ ಹೆಸರಿಸಿದರೆ, ಕೊಳವೆಯನ್ನು ನಿಖರ ಹೊರವ್ಯಾಸದಿಂದ ಹೆಸರಿಸುತ್ತಾರೆ, 40 ಮಿ.ಮೀ. ಪೈಪಿನ ಹೊರವ್ಯಾಸ ಸುಮಾರು 48 ಮಿ.ಮೀ. ಇರುತ್ತದೆ. ಇದಲ್ಲದೆ ಜಿಐ ಪೈಪಿಗೆ ಲೇಪಿಸಿದ ಸತುವು ಬೆಸುಗೆಯ ಬಿಸಿಗೆ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಚಳಿ, ಜ್ವರ, ಮೈಕೈನೋವು ಕಾಣಿಸಿಕೊಳ್ಳುತ್ತವೆ.

ಚಾಸಿಸ್‌ಗೆ ಜೋಡಣೆ

ವಾಹನದ ರಚನೆಯನ್ನು ಅನುಸರಿಸಿ ಜೋಡಣೆಯ ಕ್ರಮ ಬದಲಾಗುತ್ತದೆ. ಭಾರತದಲ್ಲಿ 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಮತ್ತು 2010ರಲ್ಲಿ ಬಂದ ಮಹೀಂದ್ರ ಥಾರ್ ವಾಹನಗಳಿಗೆ ಏಣಿಯಾಕಾರದ ಪ್ರತ್ಯೇಕ ಚಾಸಿಸ್ ಇದೆ. ಎರಡು ಉದ್ದ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಇದರ ಮೇಲೆ ಮೈಯನ್ನು ರಬ್ಬರ್ ಬುಷ್‌ಗಳ ಮೂಲಕ ಕೂರಿಸಲಾಗಿರುತ್ತದೆ. ಏರುತಗ್ಗಿನ ಹಾದಿಯಲ್ಲಿ ಚಾಸಿಸ್ ತಿರುಚಿಕೊಂಡಾಗ ಮೈಯು ಅದರ ಮೇಲೆ ಸ್ವಲ್ಪ ಅಲುಗಾಡುತ್ತದೆ. ಆದ್ದರಿಂದ ಕೇಜ್‌ನ ಕಾಲುಗಳನ್ನು ಚಾಸಿಸ್‌ಗೂ, ಅದೇ ಕೇಜ್‌ನ ಮೇಲ್ಭಾಗವನ್ನು ಮೈಯ ತಗಡಿಗೂ ಬಿಗಿಯಾಗಿ ಬೆಸೆದರೆ, ಈ ಅಲುಗಾಟವು ತಗಡನ್ನು ಎಳೆದೆಳೆದು ಸೀಳುತ್ತದೆ. ಇಂತಹ ವಾಹನಗಳಲ್ಲಿ ಚಾಸಿಸ್‌ನಿಂದ ಹೊರಕ್ಕೆ ಗಟ್ಟಿಯಾದ ತೋಳುಗಳನ್ನು ಚಾಚಿ, ಅವುಗಳ ಮೇಲೆ ಕೇಜನ್ನು ನಿಲ್ಲಿಸಿ, ಕೊಳವೆಗೂ ಮೈಗೂ ನಡುವೆ ಅಂತರ ಬಿಡುವುದು ವಾಡಿಕೆ.

1984ರ ಮಾದರಿಯಿಂದ 2001ರವರೆಗೆ ತಯಾರಾದ ಎಕ್ಸ್‌ಜೆ ಸರಣಿಯ ಜೀಪ್ ಚೆರೋಕೀಯ ರಚನೆ ಬೇರೆ ಬಗೆಯದು. ಅದರಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ಮೈಯ ತಗಡು ಮತ್ತು ತಳಭಾಗದ ಪೆಟ್ಟಿಗೆಯಾಕಾರದ ತೊಲೆಗಳು ಒಂದಾಗಿ ಬೆಸೆದುಕೊಂಡಿರುತ್ತವೆ. ಅಲ್ಲಿ ತಳದ ತೊಲೆಗಳಿಗೆ ಉದ್ದಕ್ಕೂ ಫಲಕಗಳನ್ನು ಬೆಸೆದು ಬಲಪಡಿಸಿದ ನಂತರವೇ ಕೇಜ್‌ನ ಕಾಲುಗಳನ್ನು ಅವುಗಳಿಗೆ ಜೋಡಿಸಬೇಕಾಗುತ್ತದೆ.

ಎರಡೂ ಬಗೆಯ ವಾಹನಗಳಿಗೆ ಅನ್ವಯಿಸುವ ನಿಯಮವೊಂದಿದೆ: ಕೊಳವೆಯ ತುದಿಯನ್ನು ನೇರವಾಗಿ ತಗಡಿನ ಮೇಲೆ ನಿಲ್ಲಿಸಬಾರದು. 45 ಮಿ.ಮೀ. ಕೊಳವೆಯ ತುದಿಯ ಉಂಗುರದ ವಿಸ್ತೀರ್ಣ ಕೇವಲ 3.3 ಚದರ ಸೆಂ.ಮೀ. ಲಟ್ಟಿಸಿದ ಹಿಟ್ಟನ್ನು ಲೋಟದ ಅಂಚು ದುಂಡಗೆ ಕತ್ತರಿಸುವಂತೆ, ಭಾರ ಬಿದ್ದಾಗ ಆ ಉಂಗುರವು ತಗಡನ್ನು ಕತ್ತರಿಸಿಬಿಡಬಲ್ಲದು. ಎಫ್‌ಐಎ ನಿಯಮದಂತೆ ಕಮಾನಿನ ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪ ಮತ್ತು 120 ಚದರ ಸೆಂ.ಮೀ. ವಿಸ್ತೀರ್ಣದ ಬಲವರ್ಧಕ ಫಲಕ ಇರಬೇಕು. ಇದರಿಂದ ಅದೇ ಭಾರ ಸುಮಾರು 36 ಪಟ್ಟು ದೊಡ್ಡ ಜಾಗದಲ್ಲಿ ಹಂಚಿಹೋಗುತ್ತದೆ. ಬೋಲ್ಟ್ ಹಾಕಿ ಜೋಡಿಸುವುದಾದರೆ ಪ್ರತಿ ಕಾಲಿಗೆ ಕನಿಷ್ಠ ಮೂರು, 8 ಮಿ.ಮೀ. ವ್ಯಾಸದ, 8.8 ದರ್ಜೆಯ ಬೋಲ್ಟ್‌ಗಳು ಬೇಕು. ಫಲಕದ ಮೂಲೆಗಳನ್ನು ದುಂಡಗೆ ಮಾಡುವುದರಿಂದ ಆ ಜಾಗದಲ್ಲಿ ಬಿರುಕು ಆರಂಭವಾಗುವ ಸಂಭವ ಕಡಿಮೆಯಾಗುತ್ತದೆ.

ನಿರ್ಮಾಣದ ಕ್ರಮ

ಕೆಲಸ ಆರಂಭವಾಗುವುದು ಅಳತೆಯಿಂದ. ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬಾಗಿಲುಗಳು ಪೂರ್ತಿ ತೆರೆಯುವ ಜಾಗ, ಬಾನೆಟ್ ಏಳುವ ಎತ್ತರ, ಇಂಧನ ತುಂಬುವ ಬಾಯಿ, ಚಕ್ರಗಳು ತಿರುಗುವ ವ್ಯಾಪ್ತಿ, ಚಾಲಕನ ಕಣ್ಣಿನ ಮಟ್ಟದ ನೋಟ ಇವೆಲ್ಲವನ್ನು ಗುರುತಿಸಲಾಗುತ್ತದೆ. ಬಾಗಿದ ತಂತಿ ಅಥವಾ ಪಿವಿಸಿ ಪೈಪಿನಿಂದ ಮಾದರಿಯನ್ನು ಮಾಡಿಕೊಳ್ಳುವುದರಿಂದ ಉಕ್ಕಿನ ವ್ಯರ್ಥ ತಪ್ಪುತ್ತದೆ.

ಕೊಳವೆ ಬಾಗಿಸುವುದು ಎರಡನೆಯ ಹಂತ. ಕೊಳವೆಯನ್ನು ಕಾಯಿಸದೆ, ಅದರ ಹೊರವ್ಯಾಸಕ್ಕೆ ಸರಿಹೊಂದುವ ಅಚ್ಚಿನ ಸುತ್ತ ಎಳೆದು ಬಾಗಿಸುವ ಯಂತ್ರದಿಂದ ಈ ಕೆಲಸ ನಡೆಯಬೇಕು. ಎಫ್‌ಐಎ ನಿಯಮದಂತೆ ಬಾಗಿನ ತ್ರಿಜ್ಯವು, ಕೊಳವೆಯ ನಡುರೇಖೆಯಲ್ಲಿ ಅಳೆದಾಗ, ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಿರಬಾರದು. ಬಾಗಿದ ಜಾಗದಲ್ಲಿ ಕೊಳವೆ ಅಂಡಾಕಾರವಾದರೆ ಅದರ ಕಿರಿದಾದ ವ್ಯಾಸವು ಹಿರಿದಾದ ವ್ಯಾಸದ 0.9 ಭಾಗಕ್ಕಿಂತ ಕಡಿಮೆಯಾಗಬಾರದು. ನೀರಿನ ಪೈಪು ಬಾಗಿಸುವ ಸಾದಾ ಜಾಕ್ ಯಂತ್ರದಲ್ಲಿ ತೆಳುಗೋಡೆಯ ಕೊಳವೆ ಒಳಬದಿಯಲ್ಲಿ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಕೊಳವೆಯನ್ನು ತಟ್ಟಿ ಸರಿಪಡಿಸಿ ಬಳಸುವಂತಿಲ್ಲ. ಭಾರ ಬಿದ್ದಾಗ ಅದು ಅದೇ ಜಾಗದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ.

ಒಂದು ಕೊಳವೆ ಇನ್ನೊಂದನ್ನು ಸೇರುವಲ್ಲಿ ಮೊದಲನೆಯದರ ತುದಿಯನ್ನು ಎರಡನೆಯದರ ದುಂಡುಮೈಗೆ ಅಪ್ಪಿ ಕೂರುವಂತೆ ಅರೆಚಂದ್ರಾಕಾರವಾಗಿ ಕೊರೆಯಲಾಗುತ್ತದೆ. ಸಂದು ಹೆಚ್ಚು ಉಳಿದರೆ ಅದನ್ನು ಬೆಸುಗೆಯ ಲೋಹದಿಂದ ತುಂಬಬೇಕಾಗಿ ಬಂದು ಸಂಧಿ ದುರ್ಬಲವಾಗುತ್ತದೆ.

ಅನಂತರ ಎಲ್ಲ ಕೊಳವೆಗಳನ್ನು ಅಲ್ಲಲ್ಲಿ ಚುಕ್ಕಿ ಬೆಸುಗೆಯಿಂದ ನಿಲ್ಲಿಸಿ, ಅಳತೆಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಬಳಿಕ ಪೂರ್ಣ ಬೆಸುಗೆ ಹಾಕಲಾಗುತ್ತದೆ. ಬೆಸುಗೆಯ ಬಿಸಿಗೆ ಕೊಳವೆಗಳು ಎಳೆದುಕೊಳ್ಳುವುದರಿಂದ ಒಂದೇ ಬದಿಯನ್ನು ಪೂರ್ತಿ ಮುಗಿಸದೆ ಎಡಬಲಗಳನ್ನು ಪರ್ಯಾಯವಾಗಿ ಬೆಸೆಯುವುದು ಕ್ರಮ. ಮಿಗ್ ಮತ್ತು ಟಿಗ್ ವಿಧಾನಗಳೆರಡೂ ಬಳಕೆಯಲ್ಲಿವೆ. ಬೆಸುಗೆಯು ಕೊಳವೆಯ ಸುತ್ತಲೂ ಪೂರ್ಣವಾಗಿರಬೇಕು, ಲೋಹದೊಳಕ್ಕೆ ಇಳಿದಿರಬೇಕು. ಮೇಲೆ ಸುಂದರವಾಗಿ ಕಂಡರೂ ಒಳಕ್ಕಿಳಿಯದ ಬೆಸುಗೆ ಹೊಡೆತಕ್ಕೆ ಸಿಪ್ಪೆಯಂತೆ ಕಳಚುತ್ತದೆ. ಆದ್ದರಿಂದ ಹೊಸಬರು ಅದೇ ಕೊಳವೆಯ ತುಂಡುಗಳನ್ನು ಬೆಸೆದು, ಕತ್ತರಿಸಿ ನೋಡಿ, ಸುತ್ತಿಗೆಯಿಂದ ಬಡಿದು ಮುರಿಯುವ ಪ್ರಯೋಗ ಮಾಡುವುದು ಒಳ್ಳೆಯದು. ಜೀವವನ್ನು ಅವಲಂಬಿಸಿದ ಸಂಧಿಗಳನ್ನು ಅನುಭವಿ ಬೆಸುಗೆಗಾರರಿಗೆ ಬಿಡುವುದು ಇನ್ನೂ ಒಳ್ಳೆಯದು.

ವಾಹನದ ಮೇಲೆಯೇ ಬೆಸುಗೆ ಹಾಕುವಾಗ ಬ್ಯಾಟರಿಯ ಸಂಪರ್ಕ ಕಳಚುವುದು, ಇಂಧನದ ಟ್ಯಾಂಕ್ ಮತ್ತು ಕೊಳವೆಗಳನ್ನು ದೂರವಿಡುವುದು, ಗಾಜು ಮತ್ತು ಆಸನಗಳಿಗೆ ಬೆಂಕಿ ತಡೆಯುವ ಹೊದಿಕೆ ಹಾಕುವುದು, ಅಗ್ನಿಶಾಮಕವನ್ನು ಕೈಗೆಟಕುವಂತೆ ಇಡುವುದು ಅಗತ್ಯ.

ತೂಕ ಮತ್ತು ಸಮತೋಲನ

ಸಣ್ಣ ಜೀಪಿನ ಬಾಹ್ಯ ಕೇಜ್‌ಗೆ 25 ಮೀಟರ್ ಕೊಳವೆ ಬೇಕಾದರೆ, 45 ಮಿ.ಮೀ. ಅಳತೆಯಲ್ಲಿ ಅದರ ತೂಕ ಸುಮಾರು 65 ಕಿ.ಗ್ರಾಂ ಆಗುತ್ತದೆ. ಫಲಕ, ತೋಳು, ಗಸೆಟ್‌ಗಳು ಸೇರಿದರೆ 100 ಕಿ.ಗ್ರಾಂ ಸಮೀಪಿಸಬಹುದು. ಈ ತೂಕದ ಹೆಚ್ಚಿನ ಪಾಲು ವಾಹನದ ಮೇಲ್ಭಾಗದಲ್ಲಿರುವುದರಿಂದ ಗುರುತ್ವ ಕೇಂದ್ರ ಮೇಲೇರುತ್ತದೆ.

ಉದಾಹರಣೆಗೆ, ಎಡಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿರುವ, ಗುರುತ್ವ ಕೇಂದ್ರವು ನೆಲದಿಂದ 0.7 ಮೀಟರ್ ಎತ್ತರದಲ್ಲಿರುವ, 1500 ಕಿ.ಗ್ರಾಂ ತೂಕದ ವಾಹನವನ್ನು ಪರಿಗಣಿಸಬಹುದು. ಸ್ಪ್ರಿಂಗ್ ಮತ್ತು ಟೈರುಗಳ ಕುಗ್ಗುವಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನಿಂತಲ್ಲಿಯೇ ಅದು ಪಕ್ಕಕ್ಕೆ ಮಗುಚುವುದು 45 ಡಿಗ್ರಿ ಓರೆಯಲ್ಲಿ. ಇದಕ್ಕೆ 1.6 ಮೀಟರ್ ಎತ್ತರದಲ್ಲಿ 100 ಕಿ.ಗ್ರಾಂ ಕೇಜ್ ಸೇರಿದರೆ ಗುರುತ್ವ ಕೇಂದ್ರವು ಸುಮಾರು 0.756 ಮೀಟರಿಗೆ ಏರಿ, ಮಗುಚುವ ಕೋನ ಸುಮಾರು 43 ಡಿಗ್ರಿಗೆ ಇಳಿಯುತ್ತದೆ. ಕೇಜ್‌ನ ಮೇಲೆ ಸಾಮಾನಿನ ಕ್ಯಾರಿಯರ್, ಹೆಚ್ಚುವರಿ ಚಕ್ರ, ಇಂಧನದ ಕ್ಯಾನ್‌ಗಳನ್ನು ಹೇರಿದರೆ ಅದು ಇನ್ನಷ್ಟು ಇಳಿಯುತ್ತದೆ. ಉರುಳಿದಾಗ ಕಾಪಾಡಬೇಕಾದ ಚೌಕಟ್ಟೇ ವಾಹನ ಉರುಳುವ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ. ಈ ಕಾರಣದಿಂದ ಅಗತ್ಯವಿಲ್ಲದ ಕೊಳವೆಗಳನ್ನು ಅಲಂಕಾರಕ್ಕಾಗಿ ಸೇರಿಸುವುದು ದೋಷವೆನಿಸುತ್ತದೆ. ಭಾರವಾದ ಬದಿಯ ದಿಂಡುಗಳು ಕೆಳಗಿರುವುದರಿಂದ ಅವುಗಳ ತೂಕ ಅಷ್ಟು ಬಾಧಿಸುವುದಿಲ್ಲ.

ಮಿತಿಗಳು

ಕೇಜ್ ಕಾಪಾಡುವುದು ಒಳಗಿನ ಜಾಗವನ್ನು ಮಾತ್ರ. ಆ ಜಾಗದಲ್ಲಿ ಮನುಷ್ಯನನ್ನು ಹಿಡಿದಿಡುವುದು ಸೀಟ್ ಬೆಲ್ಟ್. ಬೆಲ್ಟ್ ಧರಿಸದವರು ವಾಹನ ಮಗುಚಿದಾಗ ಚಾವಣಿಗೆ ಅಪ್ಪಳಿಸುತ್ತಾರೆ, ಇಲ್ಲವೆ ಹೊರಗೆ ಎಸೆಯಲ್ಪಟ್ಟು ಅದೇ ವಾಹನದಡಿ ಸಿಲುಕುತ್ತಾರೆ. ಆಗ ಎಷ್ಟೇ ಗಟ್ಟಿಯಾದ ಕೇಜ್ ಇದ್ದರೂ ಪ್ರಯೋಜನವಿಲ್ಲ.

ವಾಹನ ವಾಲತೊಡಗಿದಾಗ ಕಿಟಕಿಯಿಂದ ಕೈ ಚಾಚಿ ಹೊರಗಿನ ಕೊಳವೆಯನ್ನು ಹಿಡಿದುಕೊಳ್ಳುವುದು ಸಹಜ ಪ್ರತಿಕ್ರಿಯೆ. ಬಾಹ್ಯ ಕೇಜ್ ಇರುವ ವಾಹನದಲ್ಲಿ ಇದು ಅತ್ಯಂತ ಅಪಾಯಕಾರಿ. ಬೆರಳುಗಳು ಕೊಳವೆಗೂ ನೆಲಕ್ಕೂ ನಡುವೆ ಜಜ್ಜಿಹೋಗುತ್ತವೆ. ಕೈಗಳನ್ನು ಸದಾ ಒಳಗಿಟ್ಟುಕೊಳ್ಳುವ ಅಭ್ಯಾಸ ಮತ್ತು ಕಿಟಕಿಗೆ ಕಟ್ಟುವ ಬಲೆ ಇದಕ್ಕೆ ಪರಿಹಾರ.

ಕಾರುಗಳ ಮುಂಭಾಗವನ್ನು ಡಿಕ್ಕಿಯಾದಾಗ ಕ್ರಮವಾಗಿ ಕುಗ್ಗಿ ಹೊಡೆತವನ್ನು ಹೀರಿಕೊಳ್ಳುವಂತೆ ರಚಿಸಲಾಗಿರುತ್ತದೆ. ಕೇಜ್‌ನ ಕೊಳವೆಗಳನ್ನು ಮುಂದಿನ ಬಂಪರ್‌ವರೆಗೂ ಚಾಚಿದರೆ ಈ ಕುಗ್ಗುವಿಕೆಗೆ ಅಡ್ಡಿಯಾಗುತ್ತದೆ. ಏರ್‌ಬ್ಯಾಗ್ ಇರುವ ವಾಹನಗಳಲ್ಲಿ ಅದು ತೆರೆದುಕೊಳ್ಳುವ ಸಮಯವೂ ವ್ಯತ್ಯಾಸವಾಗಬಹುದು.

ಕಾನೂನು

ಸಾರ್ವಜನಿಕ ರಸ್ತೆಯಲ್ಲಿ ಬಾಹ್ಯ ಕೇಜ್ ಬಳಸುವ ಬಗೆಗಿನ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ 182ಎ ಪ್ರಕರಣವು, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ವಾಹನಗಳ ಮುಂದೆ ಕಟ್ಟುವ ಉಕ್ಕಿನ ‘ಬುಲ್ ಬಾರ್’ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದ್ದೂ 52ನೆಯ ಪ್ರಕರಣದ ಆಧಾರದ ಮೇಲೆಯೇ.

ಈ ಹಿನ್ನೆಲೆಯಲ್ಲಿ ಮನೆಯಲ್ಲಿ ಕಟ್ಟಿದ ಬಾಹ್ಯ ಕೇಜ್ ಇರುವ ವಾಹನವನ್ನು ಖಾಸಗಿ ತೋಟ ಅಥವಾ ಸ್ಪರ್ಧೆಯ ಹಾದಿಗಳಲ್ಲಿ ಮಾತ್ರ ಬಳಸಿ, ಅಲ್ಲಿಗೆ ಬೇರೊಂದು ವಾಹನದ ಮೇಲೆ ಸಾಗಿಸುವುದು ಸುರಕ್ಷಿತ ಮಾರ್ಗ. ವಾಹನವನ್ನು ಮಾರ್ಪಡಿಸಿದ ವಿಷಯವನ್ನು ತಿಳಿಸದಿದ್ದರೆ ವಿಮೆಯ ಪರಿಹಾರಕ್ಕೂ ತೊಡಕಾಗಬಹುದು. ಸ್ಪರ್ಧೆಗಳಲ್ಲಿ ಭಾಗವಹಿಸುವವರು ಆಯಾ ಸಂಘಟಕರ ತಾಂತ್ರಿಕ ನಿಯಮಗಳನ್ನು ಕೊಳವೆ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಾಗುತ್ತದೆ; ಕಟ್ಟಿದ ನಂತರ ಗೋಡೆದಪ್ಪವನ್ನು ಬದಲಿಸಲಾಗದು.

ತಪಾಸಣೆ ಮತ್ತು ನಿರ್ವಹಣೆ

ಬಣ್ಣ ಹಚ್ಚುವ ಮೊದಲೇ ಎಲ್ಲ ಬೆಸುಗೆಗಳನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಕೂದಲೆಳೆಯಂತಹ ಬಿರುಕುಗಳನ್ನು ಪತ್ತೆಹಚ್ಚಲು ಬಣ್ಣದ ದ್ರವ ಇಂಗಿಸಿ ನೋಡುವ ಪರೀಕ್ಷೆಯನ್ನು ಕಾರ್ಯಾಗಾರಗಳಲ್ಲಿ ಸುಲಭವಾಗಿ ನಡೆಸಬಹುದು. ಸಂಧಿಗಳು ಸುತ್ತಲೂ ಮುಚ್ಚಿದ್ದರೆ ಕೊಳವೆಯೊಳಗೆ ನೀರು ಹೋಗುವುದಿಲ್ಲ. ತೆರೆದ ತುದಿ ಅಥವಾ ರಂಧ್ರ ಉಳಿದರೆ ಒಳಗೆ ನಿಂತ ನೀರು ಹೊರಗೆ ಕಾಣದಂತೆ ಉಕ್ಕನ್ನು ತಿನ್ನುತ್ತದೆ. ಕೊಡಗು ಮತ್ತು ಮಲೆನಾಡಿನಂತಹ ದೀರ್ಘ ಮಳೆಗಾಲದ ಪ್ರದೇಶಗಳಲ್ಲಿ ಈ ತುಕ್ಕು ಮುಖ್ಯ ಶತ್ರು. ಕಾಲುಗಳ ಫಲಕದ ಸುತ್ತ ಸಿಕ್ಕಿಕೊಳ್ಳುವ ಕೆಸರನ್ನು ತೊಳೆದು ತೆಗೆಯುವುದು, ಬೋಲ್ಟ್‌ಗಳ ಬಿಗಿತವನ್ನು ಪ್ರತಿ ಪ್ರಯಾಣದ ನಂತರ ನೋಡುವುದು, ಬಣ್ಣ ಕಿತ್ತುಬಂದ ಜಾಗಕ್ಕೆ ಕೂಡಲೇ ಬಣ್ಣ ಬಳಿಯುವುದು ಅಗತ್ಯ. ಸಂಧಿಯ ಸುತ್ತ ಬಣ್ಣದಲ್ಲಿ ಕಾಣುವ ಸಣ್ಣ ಗೆರೆಯು ಒಳಗಿನ ಬಿರುಕಿನ ಮೊದಲ ಸುಳಿವಾಗಿರಬಹುದು.

ಒಮ್ಮೆ ಉರುಳುವಿಕೆಯನ್ನು ತಾಳಿಕೊಂಡ ಕೇಜ್ ಹೊರನೋಟಕ್ಕೆ ಸರಿಯಾಗಿಯೇ ಕಂಡರೂ ಅದನ್ನು ಮೊದಲಿನಂತೆ ನಂಬುವಂತಿಲ್ಲ. ಬಾಗಿದ ಕೊಳವೆಯನ್ನು ನೇರ ಮಾಡಿ ಬಳಸುವ ಬದಲು ಕತ್ತರಿಸಿ ತೆಗೆದು ಹೊಸದನ್ನು ಹಾಕಲಾಗುತ್ತದೆ. ಅದರೊಂದಿಗೆ ಕಾಲುಗಳ ಕೆಳಗಿನ ಫಲಕಗಳು, ಬೋಲ್ಟ್‌ಗಳು ಮತ್ತು ಅವು ಕೂತಿರುವ ಚಾಸಿಸ್ ಭಾಗವನ್ನೂ ಪರೀಕ್ಷಿಸಬೇಕು. ಮೇಲೆ ಬಿದ್ದ ಹೊಡೆತ ಕೊನೆಗೆ ತಲುಪಿರುವುದು ಅಲ್ಲಿಗೇ.